ಮಯಸಭೆಯ ಜ್ಯಾಮಿತಿ

ರೋಮಿನ ಸಂತ್ ಇನ್ಯಾಸಿಯೊ ಚರ್ಚಿಗೆ ಹೋದವರು ಮೊದಲು ನೆಲ ನೋಡಬೇಕು, ಆಮೇಲೆ ಛಾವಣಿ. ಉದ್ದನೆಯ ಸಭಾಂಗಣದ ನೆಲದ ನಡುವೆ ಅಮೃತಶಿಲೆಯ ಒಂದು ಬಿಲ್ಲೆ ಹುದುಗಿದೆ. ಅದರ ಮೇಲೆ ನಿಂತು ತಲೆಯೆತ್ತಿದರೆ ಚರ್ಚಿನ ಗೋಡೆಗಳು ಛಾವಣಿಗೆ ಮುಗಿಯುವುದಿಲ್ಲ. ಇನ್ನೊಂದು ಅಂತಸ್ತು ಮೇಲೇರುತ್ತವೆ, ಕಂಬ ಕಮಾನುಗಳ ನಡುವೆ ಆಕಾಶ ತೆರೆದುಕೊಳ್ಳುತ್ತದೆ, ಅದರಲ್ಲಿ ಸಂತರೂ ದೇವದೂತರೂ ತೇಲುತ್ತಿರುತ್ತಾರೆ. ಕಟ್ಟಿದ ಕಂಬ ಎಲ್ಲಿ ನಿಂತಿತು, ಬರೆದ ಕಂಬ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇನ್ನಷ್ಟು ಮುಂದಕ್ಕೆ ನಡೆದರೆ ನೆಲದಲ್ಲಿ ಎರಡನೆಯ ಗುರುತು. ಅಲ್ಲಿಂದ ದೊಡ್ಡದೊಂದು ಗುಮ್ಮಟ ಕಾಣುತ್ತದೆ, ಆದರೆ ಆ ಚರ್ಚಿಗೆ ಗುಮ್ಮಟವೇ ಇಲ್ಲ. ಯೋಜನೆಯಲ್ಲಿದ್ದ ಗುಮ್ಮಟ ಕಟ್ಟದೆ ಉಳಿದುಹೋದಾಗ ಜೆಸ್ಯುಯಿಟ್ ಪಂಗಡದ ಸಹೋದರ ಆಂದ್ರೆಯಾ ಪೊಜ್ಜೊ 1685ರಲ್ಲಿ ಸುಮಾರು 17 ಮೀಟರ್ ಅಗಲದ ಚಪ್ಪಟೆ ಕ್ಯಾನ್‌ವಾಸಿನ ಮೇಲೆ ಅದನ್ನು ಬರೆದು ಮೇಲೆ ಕೂರಿಸಿದ. ಉದ್ದನೆಯ ಛಾವಣಿಯ ಚಿತ್ರ 1694ರ ಹೊತ್ತಿಗೆ ಮುಗಿಯಿತು. ಬಿಲ್ಲೆಯಿಂದ ನಾಲ್ಕಾರು ಹೆಜ್ಜೆ ಸರಿದರೆ ಸಾಕು, ನೆಟ್ಟಗಿದ್ದ ಕಂಬಗಳು ವಾಲತೊಡಗುತ್ತವೆ. ಇನ್ನೂ ಸರಿದರೆ ಇಡೀ ಅಂತಸ್ತು ಮೈಮೇಲೆ ಕುಸಿಯುವಂತೆ ಕಾಣುತ್ತದೆ. ಇದನ್ನು ದೋಷವೆಂದು ಎತ್ತಿ ಆಡಿದವರು ಪೊಜ್ಜೊನ ಕಾಲದಲ್ಲೇ ಇದ್ದರು. ಸತ್ಯವನ್ನು ಅನುಕರಿಸುವ ಚಿತ್ರ ಒಂದು ಗೊತ್ತಾದ ಜಾಗದಿಂದ ಸತ್ಯದಂತೆ ಕಂಡರೆ ಸಾಕು, ಎಲ್ಲ ಜಾಗದಿಂದಲೂ ಹಾಗೆ ಕಾಣಿಸಬೇಕಾದ ಹಂಗು ಚಿತ್ರಕಾರನಿಗಿಲ್ಲ ಎಂಬುದು ಅವನ ಉತ್ತರವಾಗಿತ್ತು. ಗುಮ್ಮಟದ ಕಂಬಗಳನ್ನು ಬರೇ ಚಾಚುಕಲ್ಲುಗಳ ಮೇಲೆ ನಿಲ್ಲಿಸಿದ್ದಾನಲ್ಲ, ಅವು ಭಾರ ತಡೆಯುತ್ತವೆಯೇ ಎಂದು ಕೇಳಿದ ವಾಸ್ತುಶಿಲ್ಪಿಗಳಿಗೆ, ಬಿದ್ದರೆ ರಿಪೇರಿಯ ಖರ್ಚು ಕೊಡಲು ತನ್ನ ಗೆಳೆಯನೊಬ್ಬ ಒಪ್ಪಿದ್ದಾನೆ ಎಂದು ಚೇಷ್ಟೆಯ ಮಾತನ್ನೂ ಆಡಿದ್ದ.

ಈಗ ಗಾಜಿನ ಪೇಪರ್‌ವೇಟ್ ಒಂದನ್ನು ಕೈಗೆತ್ತಿಕೊಳ್ಳಿ, ಒಳಗೆ ಬಣ್ಣದ ಹೂಗಳಿರುವಂಥದ್ದು. ಕದಲಿಸದೆ ನೋಡಿದರೆ ಅದು ಒಂದು ಚಿತ್ರ, ಅಷ್ಟೆ. ಸ್ವಲ್ಪ ಓರೆ ಮಾಡಿದ ಕೂಡಲೇ ಹೂಗಳು ಉಬ್ಬುತ್ತವೆ, ಅಂಚಿಗೆ ಹರಿಯುತ್ತವೆ, ಒಂದು ಕೋನದಲ್ಲಿ ಮಾಯವಾಗಿ ಪಕ್ಕದ ಗೋಡೆ ಕನ್ನಡಿಯಾಗಿಬಿಡುತ್ತದೆ. ಪೊಜ್ಜೊನ ಛಾವಣಿ ನಮ್ಮನ್ನು ಕಟ್ಟಿಹಾಕಿ ನಿಲ್ಲಿಸಿದರೆ ಗಾಜು ನಮ್ಮನ್ನು ಸುತ್ತಾಡಿಸುತ್ತದೆ. ಎರಡನ್ನೂ ‘ದೃಷ್ಟಿಭ್ರಮೆ’ ಎಂಬ ಒಂದೇ ಪದದಲ್ಲಿ ಹೇಳಿ, ಕಣ್ಣು ಮೋಸಹೋಯಿತು ಎಂದು ಮುಗಿಸಿಬಿಡುವುದು ರೂಢಿ. ಆ ಮಾತು ಸರಿಯಲ್ಲ ಎಂಬುದೇ ಈ ಅಧ್ಯಾಯದ ವಾದ. ಎರಡೂ ಕಡೆ ಕಣ್ಣು ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡುತ್ತದೆ. ಆದರೆ ಕಣ್ಣಿಗೆ ಬಂದ ಬೆಳಕಿನಿಂದ ಹೊರಗಿನ ವಸ್ತುವಿನ ಆಕಾರವನ್ನು ಮರಳಿ ಕಟ್ಟಲು ಬೇಕಾದಷ್ಟು ಮಾಹಿತಿ ಆ ಬೆಳಕಿನಲ್ಲಿ ಇಲ್ಲ. ಕೊರತೆಯನ್ನು ಮಿದುಳು ಊಹೆಯಿಂದ ತುಂಬುತ್ತದೆ. ಚಿತ್ರಕಾರ ಕೈಹಾಕುವುದು ಒಂದು ಊಹೆಗೆ, ಗಾಜಿನ ಕಲಾವಿದ ಕೈಹಾಕುವುದು ಇನ್ನೊಂದಕ್ಕೆ. ಒಂದು ಭ್ರಮೆ ನಡೆದಾಡಿದರೆ ಸಾಯುವುದಕ್ಕೂ ಇನ್ನೊಂದು ನಡೆದಾಡಿದಾಗಲೇ ಹುಟ್ಟುವುದಕ್ಕೂ ಕಾರಣ ಆ ವ್ಯತ್ಯಾಸ.

ಕೊರತೆ ಎಂಥದ್ದು ಎಂದು ತಿಳಿಯಲು ಒಂದು ಕಾಳುಮೆಣಸು ಸಾಕು. ಸುಮಾರು 5 ಮಿಲಿಮೀಟರ್ ಅಗಲದ ಕಾಳನ್ನು ಕಣ್ಣಿನಿಂದ 57 ಸೆಂಟಿಮೀಟರ್ ದೂರ, ಎಂದರೆ ಹೆಚ್ಚುಕಡಿಮೆ ಕೈ ನೀಡಿದಷ್ಟು ದೂರ ಹಿಡಿದು ಒಂದೇ ಕಣ್ಣಿಂದ ನೋಡಿದರೆ, ಅದು ಹುಣ್ಣಿಮೆಯ ಚಂದ್ರನನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಕಾಳೂ ಚಂದ್ರನೂ ಕಣ್ಣಿನಲ್ಲಿ ಮಾಡುವ ಕೋನ ಬಹುತೇಕ ಒಂದೇ, ಸುಮಾರು ಅರ್ಧ ಡಿಗ್ರಿ. 3,474 ಕಿಲೋಮೀಟರ್ ಅಗಲದ ಗೋಳ 3,84,000 ಕಿಲೋಮೀಟರ್ ಆಚೆ ಇದ್ದರೂ, ಮೆಣಸಿನ ಕಾಳು ಕೈಯಳತೆಯಲ್ಲಿದ್ದರೂ ಅಕ್ಷಿಪಟಲದ ಮೇಲೆ ಬೀಳುವ ಬಿಂಬದ ಗಾತ್ರ ಬದಲಾಗದು. ಬೆಳಕು ದಿಕ್ಕನ್ನು ಹೇಳುತ್ತದೆ, ದೂರವನ್ನು ಹೇಳುವುದಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಒಳಗೋಡೆಯ ಮೇಲೆ ರಾಯಗೋಪುರ ತಲೆಕೆಳಗಾಗಿ ಬೀಳುವುದನ್ನು ನೋಡಿದವರು ಇದರ ಇನ್ನೊಂದು ರೂಪವನ್ನು ಕಂಡಿದ್ದಾರೆ. ಸಣ್ಣ ಕಿಂಡಿಯ ಮೂಲಕ ಹಾದ ಕಿರಣಗಳು ಒಂದನ್ನೊಂದು ಅಡ್ಡಹಾಯ್ದು ಗೋಪುರವನ್ನು ಬುಡಮೇಲು ಮಾಡುತ್ತವೆ. ತಲೆಕೆಳಗಾದದ್ದೇ ಅಚ್ಚರಿ ಎಂದು ಪ್ರವಾಸಿಗರು ಕೂಗುತ್ತಾರೆ. ನಿಜಕ್ಕೂ ಗಮನಿಸಬೇಕಾದದ್ದು ಬೇರೆ. ಗೋಪುರದ ಮುಂಚಾಚಿದ ಭಾಗ, ಹಿಂದೆ ಸರಿದ ಭಾಗ, ಅದರಾಚೆಯ ಆಕಾಶ, ಎಲ್ಲವೂ ಒಂದೇ ಗೋಡೆಯ ಮೇಲೆ ಚಪ್ಪಟೆಯಾಗಿ ಬಿದ್ದಿವೆ. ಆ ಗೋಡೆಯನ್ನು ಮಾತ್ರ ನೋಡಿ ಹೊರಗಿರುವುದು ಕಲ್ಲಿನ ಗೋಪುರವೋ, ಅದೇ ಆಕಾರಕ್ಕೆ ಕತ್ತರಿಸಿ ನಿಲ್ಲಿಸಿದ ಹಲಗೆಯೋ ಎಂದು ಯಾರೂ ಸಾಧಿಸಿ ತೋರಿಸಲಾರರು. ನಮ್ಮ ಪ್ರತಿಯೊಂದು ಕಣ್ಣೂ ಅಂಥದೊಂದು ಗೋಡೆ.

ಈ ಅಸಹಾಯಕತೆಯನ್ನು ಮೊತ್ತಮೊದಲು ಪ್ರಯೋಗವಾಗಿ ಮಾಡಿ ತೋರಿಸಿದವನು ಫ್ಲಾರೆನ್ಸಿನ ಫಿಲಿಪ್ಪೊ ಬ್ರುನೆಲೆಸ್ಕಿ. ಹದಿನೈದನೇ ಶತಮಾನದ ಮೊದಲ ದಶಕಗಳಲ್ಲಿ ಅವನು ಆ ಊರಿನ ಬ್ಯಾಪ್ಟಿಸ್ಟರಿ ಕಟ್ಟಡವನ್ನು ಒಂದು ಸಣ್ಣ ಹಲಗೆಯ ಮೇಲೆ ಬರೆದ. ಹಲಗೆಯಲ್ಲಿ ಬೇಳೆಕಾಳಿನಷ್ಟು ತೂತು ಕೊರೆದ. ನೋಡುವವರು ಹಲಗೆಯ ಹಿಂಬದಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ಕನ್ನಡಿಯಲ್ಲಿ ಚಿತ್ರವನ್ನು ನೋಡಬೇಕು. ಆಕಾಶವಿರಬೇಕಾದ ಕಡೆ ಬಣ್ಣದ ಬದಲು ಹೊಳಪು ಕೊಟ್ಟ ಬೆಳ್ಳಿ ಹಚ್ಚಿದ್ದರಿಂದ ನಿಜವಾದ ಮೋಡಗಳೇ ಅದರಲ್ಲಿ ಸರಿದಾಡುತ್ತಿದ್ದವು. ಅವನ ಜೀವನಚರಿತ್ರೆ ಬರೆದ ಆಂತೋನಿಯೊ ಮಾನೆತ್ತಿ ಹೇಳುವಂತೆ ಚಿತ್ರವನ್ನು ನೋಡುತ್ತಿದ್ದೇವೋ ಕಟ್ಟಡವನ್ನೋ ಎಂದು ಗೊತ್ತಾಗುತ್ತಿರಲಿಲ್ಲ. ಈ ಕಥೆಯಲ್ಲಿ ಎಲ್ಲರೂ ಚಿತ್ರವನ್ನು ಹೊಗಳುತ್ತಾರೆ, ಹೊಗಳಬೇಕಾದದ್ದು ಆ ತೂತನ್ನು. ಅದು ಎರಡು ಕೆಲಸ ಮಾಡಿತು. ಒಂದು ಕಣ್ಣನ್ನು ಮುಚ್ಚಿಸಿತು, ಉಳಿದ ಕಣ್ಣನ್ನು ಕದಲದಂತೆ ಹಿಡಿದಿಟ್ಟಿತು. ಸುಮಾರು ಆರು ಸೆಂಟಿಮೀಟರ್ ಅಂತರದಲ್ಲಿರುವ ಎರಡು ಕಣ್ಣುಗಳಿಗೆ ಬೀಳುವ ಬಿಂಬಗಳು ಸ್ವಲ್ಪ ಬೇರೆಯಾಗಿರುತ್ತವೆ, ಆ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಲೆಕ್ಕಹಾಕಬಲ್ಲದು ಎಂದು ಚಾರ್ಲ್ಸ್ ವೀಟ್‌ಸ್ಟೋನ್ ತನ್ನ ಸ್ಟೀರಿಯೊಸ್ಕೋಪಿನಿಂದ ತೋರಿಸಿದ್ದು 1838ರಲ್ಲಿ. ತಲೆಯನ್ನು ಅತ್ತಿತ್ತ ಆಡಿಸಿದಾಗ ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ ಸರಿಯುವುದು ಇನ್ನೊಂದು ಸಾಕ್ಷಿ. ಬ್ರುನೆಲೆಸ್ಕಿಯ ತೂತು ಎರಡೂ ಸಾಕ್ಷಿಗಳ ಬಾಯಿ ಕಟ್ಟಿತು. ಉಳಿದದ್ದು ದಿಕ್ಕುಗಳ ಪಟ್ಟಿ ಮಾತ್ರ, ಅದನ್ನು ಹಲಗೆಯೂ ಕೊಡಬಲ್ಲದು, ಕಟ್ಟಡವೂ ಕೊಡಬಲ್ಲದು. ಬಣ್ಣವೇ ಬೇಕೆಂದಿಲ್ಲ. ರೋಮಿನ ಸ್ಪಾದಾ ಅರಮನೆಯಲ್ಲಿ ವಾಸ್ತುಶಿಲ್ಪಿ ಬೊರೊಮಿನಿ 1650ರ ದಶಕದಲ್ಲಿ ಕಟ್ಟಿದ ಕಂಬಸಾಲು ಒಂಬತ್ತು ಮೀಟರೂ ಇಲ್ಲ. ಕಂಬಗಳು ಹಿಂದಕ್ಕೆ ಹೋದಂತೆ ಗಿಡ್ಡವಾಗುತ್ತವೆ, ನೆಲ ಏರುತ್ತದೆ, ಗೋಡೆಗಳು ಒತ್ತಿಕೊಳ್ಳುತ್ತವೆ, ಹಾಗಾಗಿ ಮುಂದಿನಿಂದ ನೋಡಿದವರಿಗೆ ಅದು ನಾಲ್ಕು ಪಟ್ಟು ಉದ್ದವಾಗಿ ತೋರುತ್ತದೆ. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರ ಇನ್ನೂ ನಿಷ್ಠುರ. ಇಬ್ಬರು ಗಣ್ಯರ ಕಾಲ ಬಳಿ ಉದ್ದಕ್ಕೆ ಎಳೆದ ಕಲೆಯೊಂದು ಅಡ್ಡಾದಿಡ್ಡಿ ಬಿದ್ದಿದೆ. ಬಲಬದಿಯ ಗೋಡೆಗೆ ಒತ್ತಿಕೊಂಡು ಓರೆಯಾಗಿ ನೋಡಿದರೆ ಅದು ತಲೆಬುರುಡೆ. ಎದುರು ನಿಂತರೆ ವೈಭವ ಕಾಣುತ್ತದೆ, ಸಾವು ಕಾಣುವುದಿಲ್ಲ. ಪಕ್ಕಕ್ಕೆ ಹೋದರೆ ಸಾವು ಕಾಣುತ್ತದೆ, ಗಣ್ಯರು ಸೊಟ್ಟಗಾಗುತ್ತಾರೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಚಿತ್ರದ ಭ್ರಮೆಗೆ ಒಂದೇ ಬಿಂದು ಬೇಕೆಂದಾದರೆ ಗೋಡೆಗೆ ತೂಗುಹಾಕಿದ ಮದುವೆಯ ಫೋಟೊ ಎಲ್ಲಿಂದ ನೋಡಿದರೂ ಸರಿಯಾಗಿ ಕಾಣುವುದೇಕೆ? ಸಿನಿಮಾ ಮಂದಿರದ ಮೂಲೆಯ ಸೀಟಿನಲ್ಲಿ ಕೂತವರಿಗೆ ನಾಯಕನ ಮುಖ ಸೊಟ್ಟ ಕಾಣುವುದಿಲ್ಲವಲ್ಲ? ಜ್ಯಾಮಿತಿಯ ಪ್ರಕಾರ ಕಾಣಬೇಕು, ಅಲ್ಲಿಂದ ಕಣ್ಣಿಗೆ ಬೀಳುವ ಬಿಂಬ ಖಂಡಿತ ಸೊಟ್ಟಗೇ ಇರುತ್ತದೆ. ಇದಕ್ಕೆ ಒಪ್ಪುವಂಥ ಉತ್ತರ ಕೊಟ್ಟವರು ದೃಷ್ಟಿವಿಜ್ಞಾನಿ ಮಾರಿಸ್ ಪಿರೆನ್, 1970ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ. ಫೋಟೊ ನೋಡುವಾಗ ನಾವು ಫೋಟೊದೊಳಗಿನ ಜನರನ್ನು ಮಾತ್ರ ನೋಡುವುದಿಲ್ಲ, ಕಾಗದವನ್ನೂ ಚೌಕಟ್ಟನ್ನೂ ನೋಡುತ್ತೇವೆ. ಎರಡು ಕಣ್ಣು ಸೇರಿ ಆ ಹಾಳೆ ಯಾವ ಓರೆಯಲ್ಲಿದೆ ಎಂದು ಹೇಳಿಬಿಡುತ್ತವೆ, ಮಿದುಳು ಆ ಓರೆಯನ್ನು ಕಳೆದು ಉಳಿದದ್ದನ್ನು ಒಪ್ಪಿಕೊಳ್ಳುತ್ತದೆ. ಸಂತ್ ಇನ್ಯಾಸಿಯೊದಲ್ಲಿ ಈ ತಿದ್ದುಪಡಿ ನಡೆಯುವುದಿಲ್ಲ. ದೂರ ಇಮ್ಮಡಿಯಾದರೆ ಅಷ್ಟೇ ಆಳಕ್ಕೆ ಎರಡು ಕಣ್ಣಿನ ಬಿಂಬಗಳ ವ್ಯತ್ಯಾಸ ಕಾಲುಭಾಗಕ್ಕೆ ಇಳಿಯುತ್ತದೆ. ಅಷ್ಟೆತ್ತರದ ಛಾವಣಿಯ ಮೇಲ್ಮೈ ಎಲ್ಲಿದೆ, ಎಷ್ಟು ಬಾಗಿದೆ ಎಂದು ಕಣ್ಣುಗಳಿಗೆ ತಿಳಿಯದು. ಮೇಲ್ಮೈ ಕಾಣದಿದ್ದರೆ ತಿದ್ದುವುದಕ್ಕೆ ಆಧಾರವೇ ಇಲ್ಲ, ಹಾಗಾಗಿ ಕಂಬಗಳು ಬೀಳುತ್ತವೆ. ಎಂದರೆ ಮದುವೆಯ ಫೋಟೊ ಎಲ್ಲ ಕಡೆಯಿಂದ ಸರಿ ಕಾಣುವುದು ಅದು ಪೂರ್ತಿ ಭ್ರಮೆಯಲ್ಲವಾದ್ದರಿಂದ. ನಮ್ಮನ್ನು ಅಪ್ಪಟವಾಗಿ ನಂಬಿಸುವ ಚಿತ್ರ ಮಾತ್ರ ಒಂದೇ ಬಿಂದುವಿಗೆ ಅಂಟಿಕೊಂಡಿರುತ್ತದೆ. ಆಕ್ಷೇಪ ನಮ್ಮ ವಾದವನ್ನು ಮುರಿಯಲಿಲ್ಲ, ಹರಿತ ಮಾಡಿತು.

ಇನ್ನೊಂದು ಆಕ್ಷೇಪ ಕಲಾ ಇತಿಹಾಸದ ಕಡೆಯಿಂದ ಬರುತ್ತದೆ. ಪರ್ಸ್ಪೆಕ್ಟಿವ್, ಎಂದರೆ ದೂರ ಹೋದಂತೆ ಗೆರೆಗಳು ಒಂದು ಬಿಂದುವಿನಲ್ಲಿ ಕೂಡುವಂತೆ ಬರೆಯುವ ವಿಧಾನ, ಯುರೋಪಿನವರು ಮಾಡಿಕೊಂಡ ಒಂದು ಒಪ್ಪಂದ, ಭಾಷೆಯ ವ್ಯಾಕರಣದ ಹಾಗೆ, ಅದರಲ್ಲಿ ಪಳಗಿದವರಿಗಷ್ಟೇ ಅದು ಸಹಜ ಎಂಬ ವಾದ. ಎರ್ವಿನ್ ಪನೋಫ್‌ಸ್ಕಿ 1920ರ ದಶಕದಲ್ಲಿ ಇದಕ್ಕೆ ಬುನಾದಿ ಹಾಕಿದರು, ನೆಲ್ಸನ್ ಗುಡ್‌ಮನ್ 1968ರಲ್ಲಿ ಅದನ್ನು ತುದಿಗೆ ಒಯ್ದರು. ಇದರಲ್ಲಿ ಅರ್ಧ ಸತ್ಯವಿದೆ. ಮೈಸೂರು ಶೈಲಿಯ ಚಿತ್ರದಲ್ಲಿ ದೇವರು ಎದುರುಮುಖನಾಗಿ, ಜರತಾರಿಯಂಥ ಗೆಸ್ಸೊ (ಉಬ್ಬು ಲೇಪ) ಕೆಲಸದ ಚಿನ್ನದಲ್ಲಿ ಕೂತಿರುತ್ತಾನೆ, ಪೀಠದ ಅಂಚುಗಳು ದೂರದಲ್ಲಿ ಒಂದು ಬಿಂದುವಿಗೆ ಹೋಗಿ ಕೂಡಬೇಕೆಂಬ ಆತುರ ಅಲ್ಲಿಲ್ಲ. ಬರೆದವನಿಗೆ ಗೊತ್ತಿರಲಿಲ್ಲ ಎಂದು ತಿಳಿಯುವುದು ಉದ್ಧಟತನ. ಪೂಜಾಮನೆಯ ಚಿತ್ರವನ್ನು ಬಾಗಿಲಲ್ಲಿ ನಿಂತವರೂ ನೋಡಬೇಕು, ನೆಲದ ಮೇಲೆ ಕೂತವರೂ ನೋಡಬೇಕು. ಬಿಲ್ಲೆಯ ಮೇಲೆ ನಿಂತವರಿಗೆ ಮಾತ್ರ ದರ್ಶನ ಕೊಡುವ ದೇವರು ಅಲ್ಲಿ ಯಾರಿಗೂ ಬೇಕಿಲ್ಲ. ಹಾಗಾಗಿ ಯಾವ ಬಿಂದುವಿಗಾಗಿ ಬರೆಯಬೇಕು, ಬಿಂದುವೇ ಬೇಕೇ ಎನ್ನುವುದು ಒಪ್ಪಂದದ ವಿಷಯ. ಆದರೆ ಬಿಂದುವನ್ನು ಆರಿಸಿಕೊಂಡ ಮೇಲೆ ಗೆರೆ ಎಲ್ಲಿ ಬೀಳಬೇಕೆನ್ನುವುದನ್ನು ಯಾವ ಸಮಾಜವೂ ತೀರ್ಮಾನಿಸುವುದಿಲ್ಲ, ನೇರವಾಗಿ ಚಲಿಸುವ ಬೆಳಕು ತೀರ್ಮಾನಿಸುತ್ತದೆ. ಊಹೆಗಳೆಲ್ಲ ಕಲಿತವು ಎಂಬುದೂ ಅನುಮಾನ. ದೃಷ್ಟಿವಿಜ್ಞಾನಿ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಭಾರತದಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆಯಿಂದ ಕುರುಡಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ದೃಷ್ಟಿ ಕೊಡಿಸುತ್ತದೆ. ಹಾಗೆ ದೃಷ್ಟಿ ಪಡೆದ ಮಕ್ಕಳಿಗೆ ಬಾಣದ ತುದಿಗಳ ನಡುವಿನ ಗೆರೆಗಳು, ರೈಲುಹಳಿಯಂತೆ ಕೂಡುವ ಗೆರೆಗಳ ಮೇಲಿನ ಪಟ್ಟಿಗಳು, ಹೀಗೆ ಹೆಸರಾದ ಎರಡು ಭ್ರಮೆಗಳನ್ನು ತೋರಿಸಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಣ್ಣು ತೆರೆದ ಬೆನ್ನಿಗೇ ಆ ಮಕ್ಕಳೂ ನಮ್ಮ ಹಾಗೆಯೇ ಭ್ರಮೆಗೆ ಒಳಗಾದರು. ರೈಲುಹಳಿಯನ್ನೂ ಕಟ್ಟಡದ ಮೂಲೆಯನ್ನೂ ವರ್ಷಗಟ್ಟಲೆ ನೋಡಿ ಕಲಿಯುವಷ್ಟು ಸಮಯ ಅವರಿಗಿರಲಿಲ್ಲ.

ಇನ್ನು ಗಾಜಿಗೆ ಬರೋಣ. ದಾರಿಯಲ್ಲಿ ಮಯಸಭೆ ಸಿಗುತ್ತದೆ, ತಪ್ಪಿಸಿಕೊಂಡು ಹೋಗುವಂತಿಲ್ಲ. ಸಭಾಪರ್ವದ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಳ್ಳುತ್ತಾನೆ, ಮುಂದೆ ನಿಜವಾದ ಕೊಳವನ್ನು ನೆಲವೆಂದು ತಿಳಿದು ಬೀಳುತ್ತಾನೆ. ಮುಚ್ಚಿದ ಸ್ಫಟಿಕದ ಬಾಗಿಲನ್ನು ತೆರೆದದ್ದೆಂದು ನುಗ್ಗಿ ಹಣೆ ಚಚ್ಚಿಕೊಳ್ಳುತ್ತಾನೆ. ನಮ್ಮ ಬಯಲಾಟಗಳು ಇದನ್ನು ಅಹಂಕಾರಿಯ ಪೆದ್ದುತನವೆಂದು ನಗಿಸಲು ಬಳಸುತ್ತವೆ. ದೃಷ್ಟಿವಿಜ್ಞಾನದ ಕಡೆಯಿಂದ ನೋಡಿದರೆ ಪಾಪ, ಅವನ ಎರಡನೆಯ ತಪ್ಪು ಬುದ್ಧಿವಂತನ ತಪ್ಪು. ಹೊಳೆಯುವ ಸಪಾಟು ನೀರಲ್ಲ, ನೆಲ ಎಂದು ಒಮ್ಮೆ ಪೆಟ್ಟು ತಿಂದು ಕಲಿತವನು ಮುಂದಿನ ಹೊಳೆಯುವ ಸಪಾಟನ್ನು ನೆಲವೆಂದೇ ಊಹಿಸಬೇಕು. ಕಣ್ಣಿಗೆ ಬಂದ ಬೆಳಕು ಎರಡು ಸಲವೂ ಒಂದೇ ಆಗಿತ್ತು. ಬದಲಾದದ್ದು ಊಹೆ.

ಚಿತ್ರಕಾರ ಮುಟ್ಟದೆ ಬಿಟ್ಟ ಒಂದು ನಂಬಿಕೆಯನ್ನು ಗಾಜು ಅಲುಗಿಸುತ್ತದೆ. ಕಣ್ಣಿಗೆ ಬಂದ ಕಿರಣ ವಸ್ತುವಿನಿಂದ ನೇರವಾಗಿ ಬಂತು ಎಂಬ ನಂಬಿಕೆ ಅದು. ಪೊಜ್ಜೊನ ಛಾವಣಿಯಲ್ಲೂ ಈ ನಂಬಿಕೆ ನಿಜವೇ. ಕಿರಣಗಳು ಬಂದದ್ದು ನೇರವಾಗಿ, ತಪ್ಪಿದ್ದು ದೂರ ಮಾತ್ರ. ಗಾಜಿನಲ್ಲಿ ದಿಕ್ಕೇ ತಪ್ಪುತ್ತದೆ. ಸಾಮಾನ್ಯ ಗಾಜಿನ ವಕ್ರೀಭವನಾಂಕ ಸುಮಾರು 1.5, ಆದ್ದರಿಂದ 15 ಸೆಂಟಿಮೀಟರ್ ದಪ್ಪದ ಗಾಜಿನ ದಿಮ್ಮಿಯನ್ನು ಮೇಲಿನಿಂದ ನೋಡಿದರೆ ಅದರ ತಳ 10 ಸೆಂಟಿಮೀಟರ್ ಆಳದಲ್ಲಿದ್ದಂತೆ ಕಾಣುತ್ತದೆ. ಮೇಲ್ಮೈ ಬಾಗಿದ್ದರಂತೂ ಇನ್ನೂ ಸೊಗಸು. ಲೆನ್ಸ್ ಎಂಬ ಲ್ಯಾಟಿನ್ ಮಾತಿಗೂ ನಮ್ಮ ಮಸೂರ ಎಂಬ ಮಾತಿಗೂ ಅರ್ಥ ಒಂದೇ ಬೇಳೆ. ಗಾಜಿನ ಆಕಾರ ನೋಡಿ ಅವರೂ ನಾವೂ ಅಡುಗೆಮನೆಯಿಂದಲೇ ಹೆಸರು ಎತ್ತಿಕೊಂಡಿದ್ದೇವೆ. 1840ರ ದಶಕದಿಂದ ಫ್ರಾನ್ಸಿನ ಬಕಾರಾ, ಸೇಂಟ್ ಲೂಯಿ, ಕ್ಲಿಶಿ ಕಾರ್ಖಾನೆಗಳು ಮಾಡಿ ಹೆಸರಾದ ಪೇಪರ್‌ವೇಟುಗಳಲ್ಲಿ ಎರಡು ಜ್ಯಾಮಿತಿಗಳು ಒಂದರ ಮೇಲೊಂದು ಕೂತಿವೆ. ಒಳಗಿನ ಹೂಗಳನ್ನು ವೆನಿಸ್ಸಿನ ಮುರಾನೊದವರು ಪಳಗಿಸಿದ್ದ ‘ಮಿಲ್ಲೆಫಿಯೋರಿ’ ವಿಧಾನದಲ್ಲಿ ಮಾಡುತ್ತಾರೆ. ಅಡ್ಡಕೊಯ್ತದಲ್ಲಿ ಹೂವಾಗಿ ಕಾಣುವಂತೆ ಬಣ್ಣಬಣ್ಣದ ಗಾಜನ್ನು ದಪ್ಪ ದಿಂಡಾಗಿ ಜೋಡಿಸಿ, ಕಾಯಿಸಿ, ಎರಡು ತುದಿ ಹಿಡಿದು ಎಳೆಯುತ್ತಾರೆ. ದಿಂಡಿನ ಅಗಲ ಹತ್ತನೇ ಒಂದಕ್ಕೆ ಇಳಿದರೆ ಉದ್ದ ನೂರು ಪಟ್ಟಾಗುತ್ತದೆ, ಆದರೆ ಎಲ್ಲಿ ಕೊಯ್ದರೂ ಅದೇ ಹೂವು, ಅಳತೆ ಮಾತ್ರ ಚಿಕ್ಕದು. ಆ ಬಿಲ್ಲೆಗಳನ್ನು ತಳದಲ್ಲಿ ಹರಡಿ ಮೇಲೆ ತಿಳಿಗಾಜಿನ ಗುಮ್ಮಟ ಹಾಕುತ್ತಾರೆ. ಗುಮ್ಮಟ ಸರಿಯಾಗಿ ಅರ್ಧಗೋಳವಾಗಿದ್ದರೆ ಅದರ ಕೇಂದ್ರದಲ್ಲಿರುವ ಹೂವು ತನ್ನ ಜಾಗದಲ್ಲೇ ಕಂಡರೂ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಪೂರ್ಣಗೋಳದ ಬೆನ್ನಿಗೆ ಅಂಟಿದ ಹೂವು ಮೂರು ಪಟ್ಟು ಹಿಗ್ಗುತ್ತದೆ. ಪೇಪರ್‌ವೇಟಿನ ಆಕಾರ ಇವೆರಡರ ನಡುವೆ ಎಲ್ಲೋ ಇರುತ್ತದೆ. ಕುಲುಮೆಯ ಎದುರು ನಿಂತವನು ಕಿರಿದು ಮಾಡಿದ್ದನ್ನು ಗಾಜು ತಾನೇ ಹಿರಿದು ಮಾಡಿ ಹಿಂತಿರುಗಿಸುತ್ತದೆ.

ನಡೆದಾಡಿದಾಗ ಏನಾಗುತ್ತದೆ? ಗೋಡೆಯ ಮೇಲಿನ ಬಣ್ಣದ ಒಂದು ಚುಕ್ಕೆ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬೆಳಕನ್ನು ಕಳಿಸುತ್ತದೆ, ಆದ್ದರಿಂದ ನೀವು ಎಲ್ಲಿಗೆ ಹೋದರೂ ಅದೇ ಚಿತ್ರವನ್ನು ಓರೆಯಾಗಿ ನೋಡುತ್ತೀರಿ. ಗಾಜಿನ ಮೇಲ್ಮೈಯ ಒಂದು ಚುಕ್ಕೆ ಹಾಗಲ್ಲ. ಎಡಗಡೆ ನಿಂತವರಿಗೆ ಅದು ಕೆಂಪು ಹೂವನ್ನು ಕಳಿಸುತ್ತಿದ್ದರೆ ಬಲಗಡೆಯವರಿಗೆ ಹಿಂದಿನ ಗೋಡೆಯನ್ನು ಕಳಿಸುತ್ತಿರುತ್ತದೆ. ಒಳಗಿನಿಂದ ಮೇಲ್ಮೈಗೆ ಬಡಿಯುವ ಕಿರಣ ಲಂಬಕ್ಕೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಬರುವುದೇ ಇಲ್ಲ, ಪೂರ್ತಿಯಾಗಿ ಒಳಕ್ಕೇ ಪುಟಿಯುತ್ತದೆ. ಹಾಗಾಗಿ ಹೊಳಪು ಕೊಟ್ಟ ಗಾಜಿನ ಘನದೊಳಗಿರುವ ಒಂದೇ ಒಂದು ಗುಳ್ಳೆ ಮೂಲೆಯಿಂದ ನೋಡಿದರೆ ಗುಳ್ಳೆಗಳ ಹಿಂಡಾಗುತ್ತದೆ, ಎದುರಿನಿಂದ ನೋಡಿದರೆ ಮತ್ತೆ ಒಂಟಿ. ದೃಗ್ವಿಜ್ಞಾನದ ಉಪಕರಣಗಳಿಗೆಂದು ತಯಾರಾಗುವ ಶುದ್ಧ ಗಾಜನ್ನು ಕೊರೆದು ಉಜ್ಜಿ ಶಿಲ್ಪ ಮಾಡಿದ ವಾತ್ಸ್ಲಾವ್ ತ್ಸೀಗ್ಲರ್ ಅವರ ಕೆಲಸ ಬಹುಮಟ್ಟಿಗೆ ಈ ಪುಟಿತದ ಮೇಲೆ ನಿಂತಿದೆ. ಮುರಾನೊದ ರೆಟಿಚೆಲ್ಲೊ ಪಾತ್ರೆಗಳದು ಇನ್ನೊಂದು ಚಮತ್ಕಾರ. ಬಿಳಿ ಎಳೆಗಳನ್ನು ಬಲಕ್ಕೆ ತಿರುಚಿದ ಗಾಜಿನ ಪದರವನ್ನೂ ಎಡಕ್ಕೆ ತಿರುಚಿದ ಪದರವನ್ನೂ ಒಂದಕ್ಕೊಂದು ಬೆಸೆದಾಗ ಬಲೆಯಾಗುತ್ತದೆ, ಬಲೆಯ ಪ್ರತಿ ಕಣ್ಣಿನಲ್ಲೂ ಒಂದೊಂದು ಗಾಳಿಗುಳ್ಳೆ ಸೆರೆಯಾಗುತ್ತದೆ. ಅಂಥ ಪಾತ್ರೆಯ ಮುಂಗೋಡೆಯ ಬಲೆಯ ಮೂಲಕ ಹಿಂಗೋಡೆಯ ಬಲೆಯನ್ನು ನೋಡಿದರೆ ಎರಡರಲ್ಲೂ ಇಲ್ಲದ ಅಲೆಗಳು ಮೂಡುತ್ತವೆ. ಸೊಳ್ಳೆಪರದೆಯ ಎರಡು ಮಡಿಕೆಗಳಲ್ಲಿ ಕಾಣುವುದೂ ಇವೇ. ಲೆಕ್ಕ ಸುಲಭ. ಒಂದು ಬಲೆಯ ಗೆರೆಗಳ ಅಂತರ 2 ಮಿಲಿಮೀಟರ್, ಇನ್ನೊಂದರದ್ದು 2.1 ಆಗಿದ್ದರೆ ಅಲೆಯಿಂದ ಅಲೆಗೆ ಅಂತರ 42 ಮಿಲಿಮೀಟರ್. ಒಂದು ಬಲೆ 2 ಮಿಲಿಮೀಟರಿನಷ್ಟು ಜರುಗಿದರೆ ಅಲೆ ಅದರ ಸುಮಾರು ಇಪ್ಪತ್ತು ಪಟ್ಟು ಜರುಗುತ್ತದೆ. ತಲೆ ಕೊಂಚ ಆಡಿಸಿದರೂ ಪಾತ್ರೆಯ ಮೈಮೇಲೆ ಏನೋ ಓಡಿದಂತಾಗುವುದು ಇದರಿಂದ.

ಗಾಜಿನ ಎಲ್ಲ ಕಲೆಯೂ ಹೀಗೆ ಓಡಾಡಿಸುವುದಿಲ್ಲ, ಅದನ್ನೂ ಹೇಳಬೇಕು. ಮೈಸೂರು, ತಂಜಾವೂರಿನ ಕಡೆ ಬಳಕೆಯಲ್ಲಿದ್ದ ಗಾಜಿನ ಹಿಂಬದಿಯ ಚಿತ್ರಗಳಲ್ಲಿ ಗಾಜು ಬರೇ ಕಿಟಕಿ. ಅಲ್ಲಿನ ಜ್ಯಾಮಿತಿ ಬರೆಯುವವನ ತಲೆಯಲ್ಲಿದೆ: ಎಡ ಬಲವಾಗುತ್ತದೆ, ಕೊನೆಗೆ ಇಡಬೇಕಾದ ಕಣ್ಣಿನ ಬೊಟ್ಟು, ಒಡವೆಯ ಮಿಂಚು ಮೊದಲು ಬರಬೇಕು, ಹಿನ್ನೆಲೆ ಕಡೆಗೆ. ಆ ಬಣ್ಣಗಳು ಈಗಷ್ಟೇ ಹಚ್ಚಿದಂತೆ ತೇವವಾಗಿ ಕಾಣುವುದಕ್ಕೂ ಕಾರಣವಿದೆ. ಬಣ್ಣ ಗಾಜಿಗೆ ಅಂಟಿಕೊಂಡಿರುವುದರಿಂದ ಒರಟು ಮೈ ಗಾಳಿಗೆ ತೆರೆದುಕೊಂಡಿಲ್ಲ, ಬೆಳಕನ್ನು ಚೆದರಿಸಿ ಮಂಕು ಬಡಿಸುವ ಪದರವಿಲ್ಲ. ಗಾಜಿನ ನುಣುಪಾದ ಮುಂಬದಿ ಎದುರಿಂದ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾವನ್ನಷ್ಟೇ ಪ್ರತಿಫಲಿಸುತ್ತದೆ.

ಗಾಜಿನದ್ದು ಭ್ರಮೆಯೇ ಅಲ್ಲ, ಶುದ್ಧ ಭೌತವಿಜ್ಞಾನ, ಕ್ಯಾಮೆರಾ ಕೂಡ ಅದನ್ನೇ ಸೆರೆಹಿಡಿಯುತ್ತದೆ, ಹಾಗಾಗಿ ಪೊಜ್ಜೊನ ಪಕ್ಕದಲ್ಲಿ ಅದನ್ನು ಕೂರಿಸಬಾರದು ಎನ್ನುವವರಿದ್ದಾರೆ. ಕ್ಯಾಮೆರಾ ಪೊಜ್ಜೊನ ಗುಮ್ಮಟವನ್ನೂ ಸೆರೆಹಿಡಿಯುತ್ತದೆ ಎಂದರೆ ಅರ್ಧ ಉತ್ತರವಾಯಿತು. ನೀರಲ್ಲಿ ಅದ್ದಿದ ಕೋಲು ಕ್ಯಾಮೆರಾದಲ್ಲಿ ಮುರಿದ ಗೆರೆಯಾಗಿ ದಾಖಲಾಗುತ್ತದೆ, ಆದರೆ ಕೋಲು ಮುರಿದಿದೆ ಎಂದು ಕ್ಯಾಮೆರಾ ಭಾವಿಸುವುದಿಲ್ಲ. ಕಿರಣ ನೇರವಾಗಿ ಬಂತೆಂದು ಇಟ್ಟುಕೊಂಡು ಹಿಂದಕ್ಕೆ ಲೆಕ್ಕಹಾಕಿದವರಿಗೆ ಮಾತ್ರ ಕೋಲು ಮುರಿಯುತ್ತದೆ. ಬೇರೆ ಲೆಕ್ಕ ಹಾಕುವ ಜೀವಿಗಳೂ ಇವೆ. ಬಿಲ್ಲುಗಾರ ಮೀನು ನೀರೊಳಗಿದ್ದುಕೊಂಡೇ ಮೇಲಿನ ಎಲೆಯ ಮೇಲೆ ಕೂತ ಕೀಟಕ್ಕೆ ನೀರುಗುಳಿ ಕೆಡವುತ್ತದೆ. ವಕ್ರೀಭವನದಿಂದ ಕೀಟ ಕಾಣುವ ಜಾಗ ಬೇರೆ, ಇರುವ ಜಾಗ ಬೇರೆ, ಮೀನು ಆ ವ್ಯತ್ಯಾಸವನ್ನು ತುಂಬಿಕೊಂಡೇ ಗುರಿಯಿಡುತ್ತದೆ. ನಮ್ಮ ಪೂರ್ವಿಕರಿಗೆ ಅಂಥ ಅಗತ್ಯ ಬೀಳಲಿಲ್ಲವೇನೋ. ಗಾಳಿಯಲ್ಲಿ ಬದುಕುವ ನಮಗೆ ಬೆಳಕು ನೇರ ಎಂಬ ಊಹೆ ದಿನಕ್ಕೆ ಲಕ್ಷ ಸಲ ಸರಿಹೋಗುತ್ತದೆ, ಒಂದು ಪೇಪರ್‌ವೇಟಿಗಾಗಿ ಮಿದುಳು ಅದನ್ನು ಬಿಟ್ಟುಕೊಡುವುದಿಲ್ಲ.

ಚಿತ್ರದ ಊಹೆ, ಗಾಜಿನ ಊಹೆ ಎರಡನ್ನೂ ಒಂದೇ ಶಿಲ್ಪದಲ್ಲಿ ಬೆಸೆದವರು ಚೆಕ್ ದಂಪತಿ ಸ್ತಾನಿಸ್ಲಾವ್ ಲಿಬೆನ್‌ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೋವಾ. ಅವನು ಚಿತ್ರ ಬರೆಯುತ್ತಿದ್ದ, ಅವಳು ಅದನ್ನು ಜೇಡಿಮಣ್ಣಿನಲ್ಲಿ ರೂಪಿಸುತ್ತಿದ್ದಳು, ಅದರಿಂದ ಅಚ್ಚು ತೆಗೆದು ಕುಲುಮೆಯಲ್ಲಿ ಗಾಜು ಕರಗಿಸಿ ಎರಕ ಹೊಯ್ಯುತ್ತಿದ್ದರು. ದಪ್ಪ ಗಾಜು ಸೀಳದಂತೆ ತಣಿಯಲು ವಾರಗಟ್ಟಲೆ ಬೇಕು. 1958ರ ಬ್ರಸೆಲ್ಸ್ ಪ್ರದರ್ಶನದ ಹೊತ್ತಿಗೆ ಅವರು ಒಂದು ವಿಚಿತ್ರ ವಿಧಾನವನ್ನು ಕೈವಶ ಮಾಡಿಕೊಂಡಿದ್ದರು. ಆಕಾರವನ್ನು ಗಾಜಿನ ಮುಂದೆ ಉಬ್ಬಿಸುವ ಬದಲು ಹಿಂಬದಿಯಿಂದ ಒಳಕ್ಕೆ ಕುಳಿಯಾಗಿ ತೆಗೆಯುವುದು. ಮುಂಬದಿಯಿಂದ ನೋಡುವವರಿಗೆ ಗಾಜಿನೊಳಗೆ ಉಬ್ಬಿದ ತಲೆ ಕಾಣುತ್ತದೆ. ಕೆಲಸ ಮಾಡುತ್ತಿರುವುದು ಎರಡು ಲೆಕ್ಕ. ಬಣ್ಣದ ಗಾಜು ಒಂದು ಸೆಂಟಿಮೀಟರಿಗೆ ಅರ್ಧ ಬೆಳಕನ್ನು ನುಂಗುತ್ತದೆ ಎಂದಿಟ್ಟುಕೊಂಡರೆ ಎರಡು ಸೆಂಟಿಮೀಟರ್ ದಾಟಿ ಬರುವುದು ಕಾಲುಭಾಗ, ಮೂರಕ್ಕೆ ಅರೆಕಾಲು. ದಪ್ಪವೇ ನೆರಳು, ತೆಳುವೇ ಬೆಳಕು, ಕುಂಚವೇ ಬೇಡ. ಈಗ ಮೂಗನ್ನು ಯೋಚಿಸಿ. ಹಿಂಬದಿಯಿಂದ ಕೊರೆದ ಮುಖದಲ್ಲಿ ಅತಿ ಆಳದ ಕುಳಿ ಮೂಗಿನದ್ದು, ಹಾಗಾಗಿ ಅಲ್ಲಿ ಗಾಜು ಅತಿ ತೆಳು, ಬೆಳಕು ಅತಿ ಹೆಚ್ಚು. ಎದುರಿನಿಂದ ಬೆಳಕು ಬಿದ್ದ ನಿಜವಾದ ಮುಖದಲ್ಲೂ ಹೊಳೆಯುವುದು ಮೂಗೇ. ಕುಳಿ ತಾನು ಉಬ್ಬೆಂದು ಸುಳ್ಳು ಸಾಕ್ಷಿ ಹೇಳುತ್ತದೆ, ಗಾಜಿನ ದಪ್ಪ ಅದಕ್ಕೆ ತಾಳೆ ಹಾಕುತ್ತದೆ. ಇದಕ್ಕೆ ಮಿದುಳಿನ ಹಳೆಯ ಪಕ್ಷಪಾತವೂ ಸೇರುತ್ತದೆ. ಮುಖ ಎಂದರೆ ಹೊರಕ್ಕೆ ಉಬ್ಬಿರುವುದು, ಒಳಕ್ಕೆ ತಗ್ಗಿದ ಮುಖವನ್ನು ಯಾರೂ ಕಂಡಿಲ್ಲ. ನನ್ನ ಎಣಿಕೆಯಲ್ಲಿ ಇಪ್ಪತ್ತನೇ ಶತಮಾನದ ಗಾಜಿನ ಕಲೆಯಲ್ಲಿ ಇದಕ್ಕಿಂತ ಚತುರವಾದ ಇನ್ನೊಂದು ಯೋಚನೆ ಹುಟ್ಟಲಿಲ್ಲ.

ಇಲ್ಲಿಗೆ ವಾದ ಒಪ್ಪಿತವಾಯಿತು ಎನ್ನುವಾಗ ಇಂಗ್ಲೆಂಡಿನ ಪ್ಯಾಟ್ರಿಕ್ ಹ್ಯೂಸ್ ಅಡ್ಡ ಬರುತ್ತಾನೆ. 1964ರಲ್ಲಿ ಅವನು ಮೊದಲು ಮಾಡಿದ ‘ರಿವರ್ಸ್ಪೆಕ್ಟಿವ್’ ಬಗೆಯ ಚಿತ್ರಗಳಲ್ಲಿ ಗಾಜಿಲ್ಲ, ಬರೇ ಬಣ್ಣ, ಆದರೂ ನೀವು ನಡೆದರೆ ಚಿತ್ರದ ಕಟ್ಟಡಗಳು ಸುತ್ತುತ್ತವೆ. ಚಿತ್ರದ ಭ್ರಮೆ ನಡೆದಾಡಿದರೆ ಸಾಯುತ್ತದೆ ಎಂಬ ಮಾತು ಸುಳ್ಳಾಯಿತಲ್ಲ? ಹ್ಯೂಸ್ ಬರೆಯುವುದು ಸಮತಟ್ಟಾದ ಹಲಗೆಯ ಮೇಲಲ್ಲ, ಮುಂದಕ್ಕೆ ಚಾಚಿದ ಮೊಂಡು ಪಿರಮಿಡ್ಡುಗಳ ಮೇಲೆ. ನಮಗೆ ಅತಿ ಹತ್ತಿರವಿರುವ ತುದಿಯ ಮೇಲೆ ಅತಿ ದೂರದ ದೃಶ್ಯವನ್ನು ಬರೆಯುತ್ತಾನೆ. ಕೆಲವು ಮೀಟರ್ ದೂರದಿಂದ ನೋಡುವ ಮಿದುಳು ಬರೆದ ಗೆರೆಗಳನ್ನು ನಂಬಿ ಚಾಚಿದ್ದನ್ನು ತಗ್ಗೆಂದು ಒಪ್ಪಿಕೊಳ್ಳುತ್ತದೆ. ಆಮೇಲೆ ನೀವು ಪಕ್ಕಕ್ಕೆ ನಡೆದಾಗ ‘ದೂರದ್ದು’ ಹೆಚ್ಚು ಸರಿಯುತ್ತದೆ, ‘ಹತ್ತಿರದ್ದು’ ಕಡಿಮೆ. ಸುಮ್ಮನೆ ನಿಂತ ಯಾವ ವಸ್ತುವೂ ಹಾಗೆ ವರ್ತಿಸದು. ತನ್ನ ಆಳದ ಊಹೆಯನ್ನು ಬಿಡಲೊಪ್ಪದ ಮಿದುಳಿಗೆ ಉಳಿಯುವುದು ಒಂದೇ ದಾರಿ, ವಸ್ತುವೇ ತಿರುಗುತ್ತಿದೆ ಎನ್ನುವುದು. ಪೊಜ್ಜೊನ ಕಂಬಗಳು ವಾಲಿದ್ದೂ ಇದೇ ಹಟದಿಂದ. ‘ಸಾಯುತ್ತದೆ’ ಎಂದು ನಾವು ಸಡಿಲವಾಗಿ ಹೇಳಿದ್ದೆವು. ಕಂಬಗಳು ವಾಲಿದಾಗಲೂ ಅವು ಚಪ್ಪಟೆ ಬಣ್ಣವಾಗಿ ಕಾಣಲಿಲ್ಲ, ವಾಲುವ ಕಂಬಗಳಾಗಿಯೇ ಕಂಡವು. ಊಹೆ ಉಳಿಯಿತು, ಅದರ ಬೆಲೆಯನ್ನು ಕಟ್ಟಡ ತೆತ್ತಿತು.

ಪರೀಕ್ಷಿಸಲು ರೋಮಿಗೆ ಹೋಗಬೇಕಿಲ್ಲ. ಜಾತ್ರೆಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ಕಿನ ಮುಖವಾಡವೊಂದನ್ನು ಒಳಬದಿ ನಿಮ್ಮ ಕಡೆ ಬರುವಂತೆ ಕಿಟಕಿಗೆ ಒರಗಿಸಿ, ಹಿಂದಿನಿಂದ ಸ್ವಲ್ಪ ಬೆಳಕು ಬರುವಂತೆ ನೋಡಿಕೊಳ್ಳಿ. ಎರಡು ಮೂರು ಮೀಟರ್ ದೂರ ನಿಂತು ಒಂದು ಕಣ್ಣು ಮುಚ್ಚಿ ಎಡದಿಂದ ಬಲಕ್ಕೆ ನಡೆಯಿರಿ. ಮುಖ ನಿಮ್ಮತ್ತಲೇ ತಿರುಗುತ್ತ ಬರುತ್ತದೆ. ಹತ್ತಿರ ಹೋಗಿ ಮೂಗಿನ ಗುಳಿಯಲ್ಲಿ ಬೆರಳಿಟ್ಟು ಅದು ತಗ್ಗೆಂದು ಖಚಿತಪಡಿಸಿಕೊಳ್ಳಿ. ಹಿಂದಕ್ಕೆ ಬಂದು ಮತ್ತೊಮ್ಮೆ ನಡೆಯಿರಿ. ಮತ್ತೆ ತಿರುಗುತ್ತದೆ.